ವಲ್ಲಿ ಕೆಳಗಿನ ಲೆಕ್ಕ

ನಮ್ಮ ಧಾರವಾಡ ಕಡೆಯ ದನದ ಸಂತೆಯಲ್ಲಿ ಎತ್ತಿನ ರೇಟನ್ನು ಬಾಯಿಂದ ಆಡುವ ರೂಢಿ ಇರಲಿಲ್ಲ. ಮಾರುವವನೂ ಕೊಳ್ಳುವವನೂ (ಇಲ್ಲವೇ ನಡುವಿನ ದಲಾಲಿಯೂ) ಕೈಯಲ್ಲಿ ಕೈ ಇಟ್ಟು, ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಇಳಿಬಿಡುತ್ತಿದ್ದರು. ವಲ್ಲಿ ಕೆಳಗೆ ಬೆರಳು ಹಿಡಿಯುವುದು, ಬಿಡುವುದು, ಒತ್ತುವುದು. ಮೇಲೆ ಇಬ್ಬರ ಮುಖವೂ ಕಲ್ಲು. ನಡುವೆ ಒಮ್ಮೊಮ್ಮೆ "ಇಲ್ಲರೀ ಗೌಡ್ರ, ಇದ್ ಆಗೂದಿಲ್ಲ", "ಎತ್ತಿನ ಹಲ್ ನೋಡ್ರಿ, ಆಮೇಲೆ ಹೇಳ್ರಿ" ಅಂತ ಮಾತು. ಸುತ್ತ ಇಪ್ಪತ್ತು ಮಂದಿ ನಿಂತು ನೋಡುತ್ತಿದ್ದರೂ ಒಬ್ಬನಿಗೂ ರೇಟು ಎಷ್ಟಕ್ಕೆ ಬಂತು ಎಂಬುದು ತಿಳಿಯುತ್ತಿರಲಿಲ್ಲ. ಇವತ್ತಿಗೂ ಅಲ್ಲಲ್ಲಿ ಈ ಪದ್ಧತಿ ಕಾಣಸಿಗುತ್ತದೆ. ಅದನ್ನು ನೋಡಿದ ಪೇಟೆ ಮಂದಿ ಫೋಟೋ ತೆಗೆದುಕೊಂಡು "ಎಷ್ಟು ಚೆಂದ" ಅಂತ ಹೋಗುತ್ತಾರೆ.

ಚೆಂದ ಹೌದು, ಆದರೆ ಯಾರೂ ಅದನ್ನು ಚೆಂದಕ್ಕಾಗಿ ಮಾಡುತ್ತಿರಲಿಲ್ಲ. ಸ್ವಲ್ಪ ಯೋಚಿಸಿ ನೋಡಿ. ಮುಚ್ಚಿಡುವುದು ಯಾರಿಂದ? ಎದುರಿಗಿರುವವನಿಂದ ಅಲ್ಲ, ಅವನಿಗೆ ಹೇಳಲೇಬೇಕು. ಮುಚ್ಚಿಡುವುದು ಪಕ್ಕದಲ್ಲಿ ನಿಂತವನಿಂದ. ಒಂದು ಜೋಡಿ ಕಿಲಾರಿ ಎತ್ತನ್ನು ನಾನು ತೀರ ಅಗ್ಗಕ್ಕೆ ಬಿಟ್ಟುಕೊಟ್ಟೆ ಅಂತ ಗೊತ್ತಾದರೆ, ಇವನಿಗೆ ದುಡ್ಡಿನ ಗರಜು ಇದೆ ಅಂತ ಊರಿಗೆಲ್ಲ ಗೊತ್ತಾದ ಹಾಗೆ. ನಾಳೆ ಹತ್ತಿ ಮಾರಲು ಹೋದರೆ ಅಲ್ಲಿಯೂ ಅದೇ ರೇಟಿನವನಾಗುತ್ತೇನೆ. ಇನ್ನೊಂದು ಜಾಣತನವೂ ಇದೆ. ಮೂರು ಬೆರಳು ಹಿಡಿದರೆ ಅದು ಮುನ್ನೂರೋ, ಮೂರು ಸಾವಿರವೋ, ಮೂವತ್ತು ಸಾವಿರವೋ? ಎತ್ತನ್ನು ನೋಡಿದ ಇಬ್ಬರಿಗೆ ಅದು ಮೊದಲೇ ಗೊತ್ತು. ಹಾಗಾಗಿ ವಲ್ಲಿ ಜಾರಿ ಬಿದ್ದು ಯಾರಿಗಾದರೂ ಬೆರಳು ಕಂಡರೂ ಅರ್ಧ ಲೆಕ್ಕ ಮಾತ್ರ ಸಿಗುತ್ತದೆ. ಕಂಪ್ಯೂಟರಿನವರು ಎನ್‌ಕ್ರಿಪ್ಷನ್ ಅನ್ನುವುದರ ಎರಡು ಮುಖ್ಯ ಸಂಗತಿಗಳು ಇಲ್ಲೇ ಇವೆ. ಒಂದು ಮುಸುಕು. ಇನ್ನೊಂದು, ಮುಸುಕಿನ ಒಳಗಿದ್ದವರಿಗೆ ಮಾತ್ರ ಗೊತ್ತಿರುವ ಕೀಲಿ.

ಗೂಢಲಿಪಿ ನಮ್ಮವರಿಗೆ ಹೊಸತಲ್ಲ ಅಂತ ಶುರು ಮಾಡಿದರೆ ಎಲ್ಲರೂ ಕೌಟಿಲ್ಯನಿಂದ ಶುರು ಮಾಡುತ್ತಾರೆ, ನಾನೂ ಒಂದು ಸಾಲು ಹೇಳಿ ಮುಂದೆ ಹೋಗುತ್ತೇನೆ. ಗೂಢಚಾರರು ಸುದ್ದಿ ಕಳಿಸಲು ಸಂಜ್ಞಾಲಿಪಿ ಬಳಸಬೇಕು ಅಂತ ಅರ್ಥಶಾಸ್ತ್ರ ಹೇಳುತ್ತದೆ. ಆ ಅರ್ಥಶಾಸ್ತ್ರ ಜಗತ್ತಿಗೆ ಮತ್ತೆ ಸಿಕ್ಕಿದ್ದು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳಿಂದ, 1909ರಲ್ಲಿ ಅಚ್ಚಾಯಿತು. ವಾತ್ಸ್ಯಾಯನನ ಅರವತ್ನಾಲ್ಕು ಕಲೆಗಳಲ್ಲಿ ಮ್ಲೇಚ್ಛಿತ ವಿಕಲ್ಪ, ಅಂದರೆ ಗುಟ್ಟಿನ ಬರಹ, ಒಂದು. ಅಂಕಿಗಳಲ್ಲೇ ಬರೆದ ಸಿರಿಭೂವಲಯದ ಕಾಲದ ಬಗ್ಗೆ ವಿದ್ವಾಂಸರ ಜಗಳ ಇದೆ, ಆ ಜಗಳಕ್ಕೆ ನಾನು ಇಲ್ಲಿ ಕೈ ಹಾಕುವುದಿಲ್ಲ. ಚಿಕ್ಕವರಿದ್ದಾಗ ಪ್ರತಿ ಅಕ್ಷರದ ಮುಂದೆ 'ಕ' ಸೇರಿಸಿ ದೊಡ್ಡವರ ಎದುರೇ ಗುಟ್ಟು ಮಾತಾಡಿದ 'ಕ' ಭಾಷೆ ನಿಮಗೂ ನೆನಪಿರಬೇಕು. ನವಲಗುಂದದ ಜಮಖಾನ ನೇಯುವ ಮನೆಗಳಲ್ಲಿ ಕಸುಬನ್ನು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುತ್ತಿದ್ದರು ಅನ್ನುತ್ತಾರೆ, ಮಗಳು ಮದುವೆಯಾಗಿ ಹೋದರೆ ಗುಟ್ಟೂ ಊರು ಬಿಟ್ಟು ಹೋಗುತ್ತದಲ್ಲ, ಅದಕ್ಕೆ. (ಮಗಳಿಗೆ ಇದು ಹೇಗೆ ಅನಿಸುತ್ತಿತ್ತೋ!)

ಇವೆಲ್ಲ ಅರಸರ, ಕಲಾವಿದರ, ಮಕ್ಕಳ ಗುಟ್ಟು. ನನಗೆ ಬೇಕಾದದ್ದು ಸಾಮಾನ್ಯ ರೈತನ ಗುಟ್ಟು. ಅದರ ಇತಿಹಾಸ ಬೇರೆ ದಾರಿಯಲ್ಲಿ ನಡೆದಿದೆ.

ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಕುಂದಗೋಳ ಮಾತ್ರ ಜಮಖಂಡಿ ಸಂಸ್ಥಾನದ ತುಂಡು. 1840ರ ದಶಕದಲ್ಲಿ ವಿಂಗೇಟ್ ಸಾಹೇಬನ ಉಸ್ತುವಾರಿಯಲ್ಲಿ ನಮ್ಮ ಕಡೆ ಭೂಮಾಪನ ಆಯಿತು, ಹೊಲಗಳಿಗೆ ಸರ್ವೆ ನಂಬರು ಬಂತು. ಹೊಲದ ವಿಸ್ತಾರ, ಮಣ್ಣಿನ ದರ್ಜೆ, ಆಕಾರ ಎಲ್ಲ ಕಾಗದಕ್ಕೆ ಏರಿತು. ಆ ಕಾಗದ ಇದ್ದದ್ದು ಕುಲಕರ್ಣಿಯ ಮನೆಯಲ್ಲಿ. ಬರಹ ಬಹಳ ಸಲ ಮೋಡಿ ಲಿಪಿಯಲ್ಲಿ. ಮೋಡಿ ಗುಟ್ಟಿನ ಲಿಪಿಯಲ್ಲ, ಬೇಗ ಬರೆಯಲಿಕ್ಕೆ ಇದ್ದ ಲಿಪಿ. ಆದರೆ ಓದಲು ಬಾರದ ರೈತನಿಗೆ ಗುಟ್ಟಿನ ಲಿಪಿಗೂ ಅದಕ್ಕೂ ಏನು ವ್ಯತ್ಯಾಸ? ಇಲ್ಲಿ ತಮಾಷೆ ನೋಡಿ. ಹೊಲ ರೈತನದು, ಸಾಲ ರೈತನದು, ಬೀಗವೂ ಇದೆ. ಆದರೆ ಕೀಲಿ ಮಾತ್ರ ಇನ್ನೊಬ್ಬರ ಉಡಿಯಲ್ಲಿ! ತನ್ನ ಉತಾರದಲ್ಲಿ (ಬೇರೆ ಕಡೆಯವರು ಪಹಣಿ ಅನ್ನುತ್ತಾರೆ, ನಮ್ಮಲ್ಲಿ ಉತಾರ) ಏನು ಬರೆದಿದೆ ಅಂತ ಕೇಳಲು ರೈತ ಅಂಗಳದಲ್ಲಿ ನಿಲ್ಲಬೇಕಿತ್ತು. ಮುಂಬಯಿ ಸರಕಾರ 1950ರ ಕಾಯಿದೆಯಿಂದ ಕುಲಕರ್ಣಿ ವತನ ತೆಗೆಯಿತು, ತಲಾಠಿಗಳು ಬಂದರು. ಕಾಗದದ ಕಪಾಟು ಮನೆಯಿಂದ ಚಾವಡಿಗೆ ಬಂತು ಅನ್ನಬಹುದು.

ಕುಲಕರ್ಣಿಗಿಂತ ಹೆಚ್ಚು ರೈತನ ಬಗ್ಗೆ ಗೊತ್ತಿದ್ದವನು ಅಡತಿ ಅಂಗಡಿಯವನು. ಇವತ್ತು ಕಂಪನಿಗಳು 'ನಿಮಗಾಗಿಯೇ' ಅಂತ ಹೇಳಿ ತೋರಿಸುವ ಸೇವೆ ಇದೆಯಲ್ಲ, ಅದನ್ನು ಆತ ನೂರು ವರ್ಷದ ಹಿಂದೆಯೇ ಕೊಡುತ್ತಿದ್ದ. ಯಾರ ಹೊಲ ಎರಿ, ಯಾರದು ಮಸಾರಿ, ಯಾರ ಮಗಳ ಮದುವೆ ಮಾಘದಲ್ಲಿದೆ, ಯಾರಿಗೆ ಬೀಜ ಬೇಕು, ಯಾರಿಗೆ ಗೊಬ್ಬರ.. ಎಲ್ಲ ಅವನ ಕಿರ್ದಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ತಲೆಯಲ್ಲಿ. ಬ್ಯಾಂಕು ಬಾಗಿಲು ತೆರೆಯದ ರಾತ್ರಿಯಲ್ಲಿ ಅವನೇ ದುಡ್ಡು ಕೊಡುತ್ತಿದ್ದ. ಬರೀ ಶೋಷಕ ಅಂತ ಬರೆದು ಕೈ ತೊಳೆದುಕೊಳ್ಳುವುದು ಸುಲಭ, ಅದು ಪೂರ್ತಿ ಸತ್ಯವಲ್ಲ. ಆದರೆ ಹತ್ತಿ ಅಂಗಡಿಗೆ ಬಂದ ದಿನ ಅವನು ಒಂದೇ ಕಾಲಕ್ಕೆ ಸಾಲ ಕೊಟ್ಟವನೂ ಹೌದು, ಮಾಲು ಮಾರಿಸುವವನೂ ಹೌದು, ರೈತನಿಗೆ ಎಂದು ದುಡ್ಡು ಬೇಕೇ ಬೇಕು ಎಂದು ಗೊತ್ತಿರುವವನೂ ಹೌದು. ಸಂತೆಯಲ್ಲಿ ವಲ್ಲಿ ಹೊದ್ದು ಮುಚ್ಚಿಟ್ಟದ್ದೆಲ್ಲ ಇಲ್ಲಿ ಬಯಲು. ಖಾಸಗಿತನ ಅಂದರೆ ಪೇಟೆಯವರ ಮರ್ಯಾದೆಯ ವಿಷಯ, ಹಳ್ಳಿಯವರಿಗೆ ಎಲ್ಲಿಯ ಖಾಸಗಿತನ ಅಂತ ಮಾತಾಡುವವರಿದ್ದಾರೆ. ಹಳ್ಳಿಯಲ್ಲಿ ಅದಕ್ಕೆ ಕ್ವಿಂಟಲಿಗೆ ಇಷ್ಟು ಅಂತ ರೇಟೇ ಇದೆ!

ವ್ಯಾಪಾರಿಗಳು ಮಾತ್ರ ತಮ್ಮ ಗುಟ್ಟನ್ನು ಚೆನ್ನಾಗಿ ಕಾಪಾಡಿಕೊಂಡರು. ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ (1861-65) 'ಧಾರವಾರ್ ಅಮೆರಿಕನ್' ಹತ್ತಿಗೆ ಮುಂಬಯಿಯಲ್ಲೂ ಆಚೆ ಇಂಗ್ಲೆಂಡಿನಲ್ಲೂ ಬೇಡಿಕೆ ಏರಿತ್ತು. ತಂತಿ ಬಂದ ಮೇಲೆ ಹತ್ತಿ ವ್ಯಾಪಾರದ ದೊಡ್ಡ ಕಂಪನಿಗಳು ಜಗತ್ತಿನಾದ್ಯಂತ ಕೋಡ್ ಪುಸ್ತಕ ಇಟ್ಟುಕೊಂಡವು. ಒಂದು ಶಬ್ದ ಕಳಿಸಿದರೆ "ಇಂತಿಷ್ಟು ಬೇಲು, ಇಂತಿಷ್ಟರೊಳಗೆ ಕೊಳ್ಳಿ" ಅಂತ ಇಡೀ ವಾಕ್ಯ. ದುಡ್ಡೂ ಉಳಿಯಿತು, ತಂತಿ ಮಾಸ್ತರನಿಗೂ ರೇಟು ತಿಳಿಯಲಿಲ್ಲ. ಸರಕಾರ ಸುಮ್ಮನಿರುತ್ತದೆಯೇ? 1885ರ ಟೆಲಿಗ್ರಾಫ್ ಕಾಯಿದೆ ತಂತಿ ಸುದ್ದಿಯನ್ನು ತಡೆದು ನೋಡುವ ಅಧಿಕಾರವನ್ನು ಸರಕಾರದ ಕೈಗೆ ಕೊಟ್ಟಿತು. ಆ ಕಾಯಿದೆಯ ಬಾಲ ಎಷ್ಟು ಉದ್ದ ಅಂದರೆ, 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದು ಟೆಲಿಫೋನ್ ಕದ್ದಾಲಿಕೆಯ ಗದ್ದಲದಲ್ಲೇ. ಅವರ ಜಾಗಕ್ಕೆ ಬಂದವರು ನಮ್ಮ ಕಡೆಯ ಎಸ್.ಆರ್. ಬೊಮ್ಮಾಯಿ.

ಇನ್ನು ನವಲಗುಂದ. 1980ರ ಜುಲೈ 21. ಮಲಪ್ರಭಾ ಕಾಲುವೆಯ ಸುಧಾರಣಾ ಕರ, ನೀರಿನ ಕರದ ವಿರುದ್ಧ ನವಲಗುಂದ, ನರಗುಂದದಲ್ಲಿ ರೈತರು ಎದ್ದರು, ಗೋಲಿಬಾರ್ ಆಯಿತು, ಪ್ರಾಣ ಹೋದವು. ಆ ಚಳವಳಿಯ ಕತೆ ಎಲ್ಲರಿಗೂ ಗೊತ್ತು. ನಾನು ನೋಡುವುದು ಅದರೊಳಗಿನ ಒಂದು ಎಳೆ. ನೀರು ಹೊಲಕ್ಕೆ ಬರುವ ಮೊದಲೇ ಕರ ಕಾಗದಕ್ಕೆ ಬಂದಿತ್ತು ಎಂಬುದು ರೈತರ ಸಿಟ್ಟಿನ ಮೂಲಗಳಲ್ಲಿ ಒಂದು. ನಿಮ್ಮ ಬಗ್ಗೆ ಒಂದು ಲೆಕ್ಕ ಬೇರೆಯವರ ಬಳಿ ಇದ್ದು, ಅದನ್ನು ತಿದ್ದುವುದು ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಇಪ್ಪತ್ತು ವರ್ಷದ ನಂತರ ಕಂಪ್ಯೂಟರು ಬಂತು. 'ಭೂಮಿ' ಯೋಜನೆ. ಸುಮಾರು 2 ಕೋಟಿ ಉತಾರ, 67 ಲಕ್ಷ ಭೂಮಾಲೀಕರು, ಆಗಿನ 177 ತಾಲ್ಲೂಕು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ಮಾಡಿಸಿದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಬರುತ್ತಿತ್ತು. ಕೈಬರಹದ ಉತಾರಕ್ಕೆ 2002ರಲ್ಲಿ ಬೆಲೆ ಹೋಯಿತು. ಅಧಿಕಾರಿ ಕಂಪ್ಯೂಟರಿಗೆ ಹೋಗಬೇಕಾದರೆ ಬೆರಳೊತ್ತಬೇಕು, ಹಾಗಾಗಿ ಯಾರು ತಿದ್ದಿದರು ಎಂಬುದಕ್ಕೆ ಗುರುತು ಉಳಿಯುತ್ತದೆ. ಇದು ಸಣ್ಣ ಕೆಲಸ ಅಲ್ಲ. ತಲಾಠಿಯ ಅಂಗಳದಲ್ಲಿ ನಿಲ್ಲುವುದು ತಪ್ಪಿತು, ಮೋಡಿಯ ಬೀಗ ಕೊನೆಗೂ ಒಡೆಯಿತು.

ಆದರೆ ಬೀಗ ಒಡೆದದ್ದು ಮಾಲೀಕನಿಗೆ ಮಾತ್ರ ಅಲ್ಲ, ಎಲ್ಲರಿಗೂ! ಉತಾರದ 9ನೇ ಕಾಲಂನಲ್ಲಿ ಹೆಸರು. 11ನೇ ಕಾಲಂನಲ್ಲಿ ಹಕ್ಕು ಮತ್ತು ಋಣ, ಅಂದರೆ ಯಾವ ಬ್ಯಾಂಕಿನ, ಯಾವ ಸೊಸೈಟಿಯ ಬೋಜಾ ಹೊಲದ ಮೇಲಿದೆ ಅಂತ. ಸರ್ವೆ ನಂಬರು ಗೊತ್ತಿದ್ದರೆ ಯಾರ ಉತಾರವನ್ನಾದರೂ ಯಾರಾದರೂ ಮನೆಯಲ್ಲಿ ಕುಳಿತು ತೆರೆದು ನೋಡಬಹುದು. ಹೊಲ ಕೊಳ್ಳುವವನಿಗೆ ಇದು ಬೇಕು, ಒಪ್ಪುತ್ತೇನೆ. ಮುಚ್ಚಿಟ್ಟರೆ ಒಂದೇ ಹೊಲವನ್ನು ಇಬ್ಬರಿಗೆ ಮಾರುವವರಿಗೆ ಹಬ್ಬ. ಆದರೂ ಬೀಗರಾಗಲು ಬರುವವರು ಮೊದಲು ಹುಡುಗನ ಮನೆಯ 11ನೇ ಕಾಲಂ ನೋಡಿಕೊಂಡು ಬರಬಹುದು ಅಂದರೆ ಸ್ವಲ್ಪ ಇರುಸುಮುರುಸಾಗುತ್ತದೆ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬೆಂಗಳೂರಿನ ಆಸುಪಾಸಿನ ಬಗ್ಗೆ ಬರೆಯುತ್ತ ಇನ್ನೂ ದೊಡ್ಡ ಮಾತು ಹೇಳಿದರು: ಭೂಮಿಯ ಮಾಹಿತಿ ಒಂದೇ ಕಡೆ ಸೇರಿದಾಗ ಅದರ ಲಾಭ ಮೊದಲು ಸಿಗುವುದು ದೊಡ್ಡ ಪ್ರಮಾಣದಲ್ಲಿ ಜಮೀನು ಹುಡುಕುವವರಿಗೆ.

ಮುಂದೆ ಒಂದಕ್ಕೊಂದು ಪೋಣಿಸುವ ಕೆಲಸ ಶುರುವಾಯಿತು. 2018ರ ಸಾಲಮನ್ನಾಕ್ಕೆ ಆಧಾರ್, ರೇಶನ್ ಕಾರ್ಡು, ಸರ್ವೆ ನಂಬರು ಮೂರನ್ನೂ ತಾಳೆ ನೋಡಿದರು. ರೈತರಿಗೆ 'ಫ್ರೂಟ್ಸ್' ಅಂತ ಒಂದೇ ಗುರುತಿನ ಸಂಖ್ಯೆ ಬಂತು. ಬೆಳೆ ಸಮೀಕ್ಷೆಗೆ ಮೊಬೈಲ್ ಆ್ಯಪ್, ಬೆಳೆ ವಿಮೆಗೆ 'ಸಂರಕ್ಷಣೆ' ಪೋರ್ಟಲ್. ಕಲಘಟಗಿಯಲ್ಲಿ ಬತ್ತ ಹಾಕಿದವನಿಗೂ ಅಣ್ಣಿಗೇರಿಯಲ್ಲಿ ಕಡಲೆ ಬಿತ್ತಿದವನಿಗೂ ಅವರವರಿಗೆ ತಕ್ಕ ಸವಲತ್ತು ತಾನಾಗಿ ತಲುಪಬೇಕಾದರೆ ಇದೆಲ್ಲ ಬೇಕು. ಹಳೆಯ ಅಡತಿಯವನ ತಲೆಯಲ್ಲಿದ್ದದ್ದು ಈಗ ಸರ್ವರಿನಲ್ಲಿ. ವ್ಯತ್ಯಾಸ ಇಷ್ಟೇ, ಅಡತಿಯವನ ಕಿರ್ದಿ ಕಳವಾದರೆ ಒಂದು ಊರಿನ ಮಾನ ಹೋಗುತ್ತಿತ್ತು. 2022ರ ಜೂನ್‌ನಲ್ಲಿ ಪಿಎಂ-ಕಿಸಾನ್ ಜಾಲತಾಣದ ಒಂದು ಭಾಗದಿಂದ ರೈತರ ಆಧಾರ್ ಸಂಖ್ಯೆಗಳು ಹೊರಗೆ ಕಾಣುತ್ತಿದ್ದವು ಅನ್ನುವ ವರದಿ ಬಂತು. ಅದು ಇಡೀ ದೇಶದ ರೈತರ ಪಟ್ಟಿ.

ಇನ್ನು ಬೆರಳಿನ ಕತೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

1858ರ ಮೇ-ಜೂನ್‌ನಲ್ಲಿ ನರಗುಂದದ ಬಾಬಾಸಾಹೇಬ ಇಂಗ್ಲಿಷರ ಮೇಲೆ ಎದ್ದು ನಿಂತ. ಅದೇ ವರ್ಷ ಜುಲೈನಲ್ಲಿ, ದೂರದ ಬಂಗಾಲದಲ್ಲಿ, ವಿಲಿಯಂ ಹರ್ಶೆಲ್ ಎಂಬ ಇಂಗ್ಲಿಷ್ ಅಧಿಕಾರಿ ರಸ್ತೆ ಸಾಮಾನಿನ ಕಾಂಟ್ರ್ಯಾಕ್ಟ್ ಕಾಗದದ ಮೇಲೆ ಕೋನಾಯಿ ಎಂಬುವನ ಅಂಗೈ ಒತ್ತಿಸಿಕೊಂಡ. ಮಾತಿಗೆ ತಪ್ಪದಿರಲಿ ಅಂತ ಹೆದರಿಸಲು ಮಾಡಿದ ಉಪಾಯ ಅದು. ಮುಂದೆ ಅದೇ ಬೆರಳಚ್ಚಿನ ಶಾಸ್ತ್ರಕ್ಕೆ ದಾರಿಯಾಯಿತು. ಬರೆಯಲು ಬಾರದ ನಮ್ಮ ಅಜ್ಜಂದಿರಿಗೆ ಹೆಬ್ಬೆಟ್ಟೇ ಸಹಿ. ಖರೀದಿ ಪತ್ರದ ಮೇಲೆ ನೀಲಿ ಮಸಿಯ ಹೆಬ್ಬೆಟ್ಟು ಬಿದ್ದಿತೆಂದರೆ ಹೊಲ ಹೋಯಿತು. ಓದು ಬಂದವರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆರಳು ಕೊಡಲೇಬೇಕಾಯಿತು.

ಆ ಪತ್ರಗಳು ಸ್ಕ್ಯಾನ್ ಆಗಿ 'ಕಾವೇರಿ' ತಂತ್ರಾಂಶಕ್ಕೆ ಸೇರಿದವು. ಇನ್ನೊಂದು ಕಡೆ, ಹಳ್ಳಿಯ ಕಿರಾಣಿ ಅಂಗಡಿಯಲ್ಲೇ ಆಧಾರ್ ಸಂಖ್ಯೆ ಹೇಳಿ ಬೆರಳೊತ್ತಿದರೆ ಬ್ಯಾಂಕಿನ ಹಣ ಸಿಗುವ ವ್ಯವಸ್ಥೆ ಬಂತು, ಒಳ್ಳೆಯದೇ, ಮುದುಕಿಯರಿಗೆ ಹುಬ್ಬಳ್ಳಿಗೆ ಬಸ್ ಹತ್ತುವುದು ತಪ್ಪಿತು. ಎರಡರ ನಡುವಿನ ಸಂಬಂಧ ಮೊದಲು ಕಂಡದ್ದು ಕಳ್ಳರಿಗೆ! ನೋಂದಣಿ ಪತ್ರ ಇಳಿಸಿಕೊಂಡರೆ ಒಂದೇ ಹಾಳೆಯಲ್ಲಿ ಆಧಾರ್ ಸಂಖ್ಯೆಯೂ ಇದೆ, ಹೆಬ್ಬೆಟ್ಟೂ ಇದೆ. ಅಚ್ಚು ತೆಗೆದು ನಕಲಿ ಬೆರಳು ಮಾಡಿ ಹಣ ತೆಗೆದರು. 2023ರಲ್ಲಿ ಬೆಂಗಳೂರು ಪೊಲೀಸರು ಇಂಥ ಪ್ರಕರಣಗಳಲ್ಲಿ ಜನರನ್ನು ಹಿಡಿದರು. ಆಮೇಲೆ ಕಂದಾಯ ಇಲಾಖೆ ಪತ್ರಗಳಲ್ಲಿನ ಬೆರಳಚ್ಚು, ಆಧಾರ್ ಸಂಖ್ಯೆಗಳನ್ನು ಮರೆಮಾಡಿ ತೋರಿಸಬೇಕೆಂದು ಹೊರಟಿತು. ಪಾಸ್‌ವರ್ಡ್ ಕಳವಾದರೆ ಬದಲಿಸಬಹುದು, ಬೆರಳು ಬದಲಿಸುವುದು ಹೇಗೆ? ಸಂತೆಯಲ್ಲಿ ವಲ್ಲಿ ಕೆಳಗೆ ಬೆರಳು ಮುಚ್ಚಿಕೊಂಡಿದ್ದ ಮನೆತನದ ಬೆರಳು ಹೀಗೆ ಬಯಲಿಗೆ ಬಿತ್ತು.

ಇದರ ನಡುವೆ ಕಾನೂನಿನ ಕಡೆಯಿಂದ ದೊಡ್ಡ ಕೆಲಸ ಮಾಡಿದವರು ಕನ್ನಡಿಗರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ತಮ್ಮ 86ನೇ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಸರಕಾರ 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಮುಂದೆ ಮಾಡಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಹೌದು, ಅದು ಮೂಲಭೂತ ಹಕ್ಕು ಅಂದರು. 2018ರ ಸೆಪ್ಟೆಂಬರ್ 26ರ ಇನ್ನೊಂದು ತೀರ್ಪಿನಲ್ಲಿ ಆಧಾರ್ ಉಳಿಯಿತು, ಖಾಸಗಿ ಕಂಪನಿಗಳು ಅದನ್ನು ಕೇಳುವುದಕ್ಕೆ ಕಡಿವಾಣ ಬಿತ್ತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಇವರ ಹೆಸರು ಇನ್ನೂ ದೊಡ್ಡದಾಗಿ ಬರಬೇಕು ಅನ್ನುವುದು ನನ್ನ ಅಭಿಪ್ರಾಯ. ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯಿದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ.

ಕಾನೂನು ಹೇಳುವುದು "ನೋಡಬೇಡ" ಅಂತ. ಎನ್‌ಕ್ರಿಪ್ಷನ್ ಮಾಡುವುದು ನೋಡಿದರೂ ಕಾಣದ ಹಾಗೆ. ಎರಡೂ ಬೇರೆ.

1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬ ಇಬ್ಬರು ಅಮೆರಿಕನ್ನರು ಒಂದು ವಿಚಿತ್ರ ಸಾಧ್ಯತೆ ತೋರಿಸಿದರು. ಎಂದೂ ಭೇಟಿಯಾಗದ ಇಬ್ಬರು, ಎಲ್ಲರೂ ಕೇಳುವ ಹಾಗೆ ಮಾತಾಡಿಯೇ, ತಮ್ಮಿಬ್ಬರಿಗಷ್ಟೇ ಗೊತ್ತಿರುವ ಕೀಲಿಯನ್ನು ಮಾಡಿಕೊಳ್ಳಬಹುದು. ಸಂತೆಯ ಭಾಷೆಯಲ್ಲಿ ಹೇಳಬೇಕೆಂದರೆ ವಲ್ಲಿಯೂ ಇಲ್ಲದೆ, ಕೈಯೂ ಮುಟ್ಟದೆ, ದೂರದಿಂದ ಕೂಗಿಯೇ ಗುಟ್ಟಿನ ರೇಟು ಮುಗಿಸಿದ ಹಾಗೆ. ಅದರ ಬೆನ್ನಿಗೇ ಆರ್‌ಎಸ್‌ಎ ಬಂತು, 1990ರ ದಶಕದಲ್ಲಿ ನೆಟ್‌ಸ್ಕೇಪ್‌ನವರ ಎಸ್‌ಎಸ್‌ಎಲ್ ಬಂತು, ಬ್ರೌಸರಿನಲ್ಲಿ ಬೀಗದ ಚಿತ್ರ ಕಂಡಿತು. ಭಾರತದಲ್ಲಿ ಆಗ ನಡೆದದ್ದು ಒಂದು ಪ್ರಹಸನ. ಟೆಲಿಕಾಂ ಇಲಾಖೆಯ ಲೈಸೆನ್ಸ್ ಪ್ರಕಾರ ಅನುಮತಿ ಇಲ್ಲದೆ 40 ಬಿಟ್ ಕೀಲಿಗಿಂತ ದೊಡ್ಡದನ್ನು ಬಳಸುವಂತಿರಲಿಲ್ಲ. ಅದೇ ಹೊತ್ತಿಗೆ ರಿಸರ್ವ್ ಬ್ಯಾಂಕ್ 2001ರಲ್ಲಿ ಇಂಟರ್‌ನೆಟ್ ಬ್ಯಾಂಕಿಂಗ್‌ಗೆ ಕನಿಷ್ಠ 128 ಬಿಟ್ ಇರಲಿ ಅಂದಿತು! 40 ಬಿಟ್ ಬೀಗ ಎಂಥದ್ದು ಅಂದರೆ 1995ರಲ್ಲೇ ಫ್ರಾನ್ಸಿನ ಡಮಿಯೆನ್ ಡೊಲಿಗೆಜ್ ಅದನ್ನು ಸುಮಾರು ಎಂಟು ದಿನದಲ್ಲಿ ಒಡೆದು ತೋರಿಸಿದ್ದ. 2015ರ ಸೆಪ್ಟೆಂಬರಿನಲ್ಲಿ ಇನ್ನೊಂದು: ಎನ್‌ಕ್ರಿಪ್ಟ್ ಆದ ಸಂದೇಶದ ಬಿಚ್ಚಿದ ಪ್ರತಿಯನ್ನು ಜನರೇ 90 ದಿನ ಇಟ್ಟುಕೊಳ್ಳಬೇಕು ಅನ್ನುವ ಕರಡು ನೀತಿ. ಗದ್ದಲ ಎದ್ದು ಒಂದೆರಡು ದಿನದಲ್ಲಿ ವಾಪಸ್ ಪಡೆದರು. ಮರುವರ್ಷ ಏಪ್ರಿಲ್‌ನಲ್ಲಿ ವಾಟ್ಸ್ಆ್ಯಪ್ ತುದಿಯಿಂದ ತುದಿಗೆ ಎನ್‌ಕ್ರಿಪ್ಷನ್ ಹಾಕಿತು. ಕುಂದಗೋಳದ ಹುಡುಗ ಮಿರ್ಚಿಯ ರೇಟನ್ನು ಗೆಳೆಯನಿಗೆ ಕಳಿಸಿದರೆ ನಡುವಿನವರಿಗೆ ಓದಲಾಗದು.

ಆದರೆ ಈ ಬೀಗಗಳೆಲ್ಲ ದಾರಿಯ ಮೇಲಿನವು. ಚಕ್ಕಡಿಗೆ ತಾಡಪಾಲು ಹೊದಿಸಿ ಹುಬ್ಬಳ್ಳಿಗೆ ಒಯ್ದು ಅಡತಿಯವನ ಮುಂದೆ ಬಿಚ್ಚಿದ ಹಾಗೆ. ನನಗೆ ತಕ್ಕ ಬೀಜ ಯಾವುದು, ಸಾಲ ಎಷ್ಟು ಸಿಗುತ್ತದೆ, ಯಾವಾಗ ಮಾರಲಿ ಅಂತ ಕೇಳಿದರೆ ಉತ್ತರ ಕೊಡುವವನು ನನ್ನ ಲೆಕ್ಕ ನೋಡಲೇಬೇಕಲ್ಲ? ಹೆಸರು ಕಿತ್ತು ಕೊಟ್ಟರಾಯಿತು ಅಂತ ಮೊದಲು ಅಂದುಕೊಂಡರು. 2006ರಲ್ಲಿ ನೆಟ್‌ಫ್ಲಿಕ್ಸ್ ಹೀಗೆ ಹೆಸರಿಲ್ಲದ ಸಿನಿಮಾ ಅಂಕಗಳನ್ನು ಹೊರಗೆ ಬಿಟ್ಟಿತು. ಅರವಿಂದ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೋವ್ ಬೇರೆ ಕಡೆಯ ಬಹಿರಂಗ ಅಂಕಗಳ ಜೊತೆ ತಾಳೆ ನೋಡಿ ಕೆಲವರನ್ನು ಗುರುತಿಸಿಯೇಬಿಟ್ಟರು. ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. "ನಾಲ್ಕು ಎಕರೆ ಹದಿನೇಳು ಗುಂಟೆ, ಎರಡು ಬೋರು, ಹಳ್ಳದ ದಂಡಿ" ಅಂದರೆ ಸಾಕು, ಯಾವ ಊರಲ್ಲಾದರೂ ಹೆಸರು ತಾನೇ ಬರುತ್ತದೆ.

ಹಾಗಾದರೆ ನೋಡದೆಯೇ ಲೆಕ್ಕ ಮಾಡಲು ಬರುತ್ತದೆಯೇ? ಬರುತ್ತದೆ. 1978ರಲ್ಲಿ ರಿವೆಸ್ಟ್ ಮತ್ತು ಜೊತೆಗಾರರು ಇದು ಆದೀತು ಎಂದು ಊಹಿಸಿದರು. 1982ರಲ್ಲಿ ಆಂಡ್ರ್ಯೂ ಯಾವ್ ಇಬ್ಬರು ಸಾಹುಕಾರರ ಒಗಟು ಹಾಕಿದ: ತಮ್ಮ ಆಸ್ತಿ ಎಷ್ಟೆಂದು ಹೇಳದೆ ಯಾರು ಹೆಚ್ಚು ಶ್ರೀಮಂತ ಅಂತ ತಿಳಿಯುವುದು ಹೇಗೆ? 2009ರಲ್ಲಿ ಕ್ರೇಗ್ ಜೆಂಟ್ರಿ ಮುಚ್ಚಿದ ಅಂಕಿಗಳ ಮೇಲೆಯೇ ಯಾವ ಲೆಕ್ಕವನ್ನಾದರೂ ಮಾಡುವ ದಾರಿ ತೋರಿಸಿದ.

ಇದರ ಅತಿ ಸರಳ ರೂಪ ಕಾಗದದಲ್ಲೇ ಮಾಡಬಹುದು, ಮಾಡಿ ನೋಡಿ. ಮೂವರು ರೈತರು. ಸಾಲ 2 ಲಕ್ಷ, 5 ಲಕ್ಷ, 3 ಲಕ್ಷ. ಯಾರದೆಷ್ಟು ಅಂತ ಹೇಳದೆ ಒಟ್ಟು ಬೇಕು. ಪ್ರತಿಯೊಬ್ಬನೂ ತನ್ನ ಅಂಕಿಯನ್ನು ಮನಸ್ಸಿಗೆ ಬಂದಂತೆ ಮೂರು ತುಂಡು ಮಾಡಲಿ. ಮೊದಲನೆಯವನ 2 ಅಂದರೆ 7, -9, 4. ಎರಡನೆಯವನ 5 ಅಂದರೆ -3, 6, 2. ಮೂರನೆಯವನ 3 ಅಂದರೆ 1, 8, -6. ಒಂದೊಂದು ತುಂಡು ಒಬ್ಬೊಬ್ಬನ ಕೈಗೆ. ಮೊದಲನೆಯವನ ಕೈಗೆ ಬಂದ ತುಂಡುಗಳು 7, -3, 1, ಕೂಡಿದರೆ 5. ಎರಡನೆಯವನ ಕೈಯಲ್ಲಿ -9, 6, 8, ಅದೂ 5. ಮೂರನೆಯವನ ಕೈಯಲ್ಲಿ 4, 2, -6, ಸೊನ್ನೆ. ಈ ಮೂರು ಮೊತ್ತಗಳನ್ನು ಮಾತ್ರ ಗಟ್ಟಿಯಾಗಿ ಹೇಳಿದರೆ 10 ಲಕ್ಷ, ಲೆಕ್ಕ ಸರಿ. ಕೈಗೆ ಬಂದ -3 ನೋಡಿ ಯಾರಿಗೂ 5 ಊಹಿಸಲು ಆಗದು. ಇಬ್ಬರು ಒಳಗೊಳಗೆ ಸೇರಿಕೊಂಡರೆ ಮೂರನೆಯವನದು ಬಯಲಾಗುತ್ತದೆ, ಅದೂ ನಿಜ.

ಇದನ್ನು ಜಗತ್ತಿನಲ್ಲಿ ಮೊದಲ ಬಾರಿ ದೊಡ್ಡದಾಗಿ ಬಳಸಿದ್ದು ಯಾರು ಗೊತ್ತೇ? ಬ್ಯಾಂಕಿನವರಲ್ಲ, ಸೈನ್ಯದವರಲ್ಲ. ಡೆನ್ಮಾರ್ಕಿನ ಬೀಟ್‌ರೂಟ್ ರೈತರು! ಸಕ್ಕರೆ ತೆಗೆಯುವ ಬೀಟ್ ಅದು. 2006ರಲ್ಲಿ ಯುರೋಪ್ ಒಕ್ಕೂಟ ಸಕ್ಕರೆಗೆ ಕೊಡುತ್ತಿದ್ದ ಬೆಂಬಲ ಇಳಿಸಿತು. ಬೀಟ್ ಬೆಳೆಯುವ ಒಪ್ಪಂದಗಳನ್ನು ರೈತರು ತಮ್ಮತಮ್ಮಲ್ಲೇ ಕೊಟ್ಟು ಕೊಳ್ಳಬೇಕಾಯಿತು. ಕೊಳ್ಳುವ ಕಾರ್ಖಾನೆ ಇಡೀ ದೇಶಕ್ಕೆ ಒಂದೇ, ಡ್ಯಾನಿಸ್ಕೊ. ಯಾವ ರೈತ ಎಷ್ಟಕ್ಕೆ ಬಿಡಲು ತಯಾರಿದ್ದಾನೆ ಅಂತ ಆ ಕಂಪನಿಗೆ ಗೊತ್ತಾದರೆ ಅವನ ಸ್ಥಿತಿಗತಿ ಗೊತ್ತಾದ ಹಾಗೆ, ಮುಂದಿನ ವರ್ಷದ ಒಪ್ಪಂದದಲ್ಲಿ ಅವನ ಗತಿ ಏನು? (ನಮ್ಮ ಅಡತಿ ಅಂಗಡಿಯ ಕತೆಯೇ, ಹೆಸರು ಬೇರೆ.) ಇತ್ತ ರೈತ ಸಂಘದ ಕೈಗೆ ಎಲ್ಲವನ್ನೂ ಕೊಡಲು ಕಂಪನಿಗೆ ಮನಸ್ಸಿಲ್ಲ. ಕೊನೆಗೆ ಮೂರು ಕಂಪ್ಯೂಟರ್: ಒಂದು ಡ್ಯಾನಿಸ್ಕೊದ್ದು, ಒಂದು ಬೀಟ್ ಬೆಳೆಗಾರರ ಸಂಘದ್ದು, ಒಂದು ಸಂಶೋಧಕರದ್ದು. ಸುಮಾರು 1200 ರೈತರು ಮನೆಯಿಂದಲೇ ರೇಟು ಹಾಕಿದರು. ಪ್ರತಿ ರೇಟೂ ತುಂಡಾಗಿ, ಎನ್‌ಕ್ರಿಪ್ಟ್ ಆಗಿ ಹೋಯಿತು. 2008ರ ಜನವರಿಯಲ್ಲಿ ಮೂರೂ ಕಂಪ್ಯೂಟರ್ ಸೇರಿ ಸುಮಾರು ಅರ್ಧ ಗಂಟೆ ಲೆಕ್ಕ ಮಾಡಿ ಒಂದೇ ಒಂದು ಅಂಕಿ ಹೊರಗೆ ಹಾಕಿದವು, ಮಾರುಕಟ್ಟೆಯ ದರ. ಆ ದರದಲ್ಲಿ ಸುಮಾರು 25,000 ಟನ್ ಬೀಟ್‌ನ ಹಕ್ಕು ಕೈ ಬದಲಾಯಿತು. ಯಾವ ರೈತ ಎಷ್ಟು ಹಾಕಿದ್ದ ಅಂತ ಕಂಪನಿಗೂ ತಿಳಿಯಲಿಲ್ಲ, ಸಂಘಕ್ಕೂ ತಿಳಿಯಲಿಲ್ಲ, ಲೆಕ್ಕ ಮಾಡಿದ ಪಂಡಿತರಿಗೂ ತಿಳಿಯಲಿಲ್ಲ. 1200 ಮಂದಿಗೆ ಒಂದೇ ವಲ್ಲಿ!

ಆಮೇಲೆ ದೊಡ್ಡ ಕಂಪನಿಗಳೂ ಈ ದಾರಿಗೆ ಬಂದವು. 2017ರಲ್ಲಿ ಗೂಗಲ್, ಕೀಬೋರ್ಡಿನ ಕಲಿಕೆ ಫೋನಿನಲ್ಲೇ ನಡೆದು, ಎಲ್ಲರ ಕಲಿಕೆ ಕೂಡಿದ ಮೇಲಷ್ಟೇ ಕಾಣುವ ವಿಧಾನ ಹೇಳಿತು. 2024ರಲ್ಲಿ ಆ್ಯಪಲ್ ತನ್ನ ಫೋನಿನ ಕೆಲವು ಸೇವೆಗಳಲ್ಲಿ ಮುಚ್ಚಿದ ಅಂಕಿಗಳ ಮೇಲಿನ ಲೆಕ್ಕ ತಂದಿತು. ಬ್ಯಾಟರಿ, ಖರ್ಚು, ವೇಗದ ತೊಂದರೆ ಇದ್ದೇ ಇದೆ. ಆದರೆ ಆಗದ ಮಾತು ಅಂತ ಈಗ ಯಾರೂ ಹೇಳುವಂತಿಲ್ಲ.

ನಮ್ಮಲ್ಲಿ? ಕರ್ನಾಟಕ 2014ರಲ್ಲಿ ಎಪಿಎಂಸಿಗಳಿಗೆ ಏಕೀಕೃತ ಮಾರುಕಟ್ಟೆ ವೇದಿಕೆ ತಂದಿತು. ಹುಬ್ಬಳ್ಳಿಯಲ್ಲಿ, ಬ್ಯಾಡಗಿಯಲ್ಲಿ ವರ್ತಕರು ಕಂಪ್ಯೂಟರಿನಲ್ಲಿ ಟೆಂಡರ್ ಹಾಕುತ್ತಾರೆ, ಹೊತ್ತು ಮುಗಿಯುವ ತನಕ ಒಬ್ಬರ ರೇಟು ಇನ್ನೊಬ್ಬರಿಗೆ ಕಾಣುವುದಿಲ್ಲ. ಹಳೆಯ ಪದ್ಧತಿಗಿಂತ ಇದು ಎಷ್ಟೋ ಮೇಲು. ಆದರೂ ಇದು ಮುಚ್ಚಿದ ಲಕೋಟೆ, ಲಕೋಟೆ ತೆರೆಯುವ ಯಂತ್ರವನ್ನು ನಂಬಬೇಕು. 2024ರ ಮಾರ್ಚ್ 11ರಂದು ಒಣಮೆಣಸಿನಕಾಯಿ ದರ ಒಮ್ಮೆಲೇ ಕುಸಿದಾಗ ಬ್ಯಾಡಗಿಯಲ್ಲಿ ರೈತರು ಎಪಿಎಂಸಿ ಕಚೇರಿಗೇ ಬೆಂಕಿ ಇಟ್ಟರು. ದರ ಬಿದ್ದುದಕ್ಕೆ ಮಾಲಿನ ಪ್ರಮಾಣ, ತೇವಾಂಶ ಅಂತ ಕಾರಣ ಹೇಳಿದರು, ಇದ್ದರೂ ಇರಬಹುದು. ಆದರೆ ಆ ದಿನ ಅಲ್ಲಿ ಇದ್ದವರು ಅದನ್ನು ನಂಬಲು ತಯಾರಿರಲಿಲ್ಲ.

ಇನ್ನೊಂದು ಸಂಗತಿ. ಈ ಟೆಂಡರಿನಲ್ಲಿ ಮುಚ್ಚಿರುವುದು ವರ್ತಕನ ರೇಟು. ರೈತನದು ಏನು ಮುಚ್ಚಿದೆ? ಮಾಲು ಎಷ್ಟು ಚೀಲ ಅಂತ ಅಂಗಳದಲ್ಲಿ ಕಾಣುತ್ತದೆ. ಬೋಜಾ ಎಷ್ಟು ಅಂತ 11ನೇ ಕಾಲಂನಲ್ಲಿದೆ. ಯಾವ ಬೆಳೆ, ಎಷ್ಟು ಎಕರೆ ಅಂತ ಸಮೀಕ್ಷೆಯಲ್ಲಿದೆ. ಅಣ್ಣಿಗೇರಿಯ ಕಡಲೆ ರೈತ, ಕುಂದಗೋಳದ ಮಿರ್ಚಿ ರೈತ, ನವಲಗುಂದದ ಉಳ್ಳಾಗಡ್ಡಿ ರೈತ ತಮ್ಮ ಕನಿಷ್ಠ ದರವನ್ನು ಡೆನ್ಮಾರ್ಕಿನವರ ಹಾಗೆ ತುಂಡು ಮಾಡಿ ಹಾಕುವ ಹಾಗಿದ್ದರೆ? ಒಂದು ಕಂಪ್ಯೂಟರ್ ಎಪಿಎಂಸಿಯದು, ಒಂದು ರೈತ ಸಂಘಟನೆಯದು, ಒಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು. ಲೆಕ್ಕ ಹದಿನೆಂಟು ವರ್ಷ ಹಳೆಯದು, ಯಂತ್ರಗಳು ಈಗ ಅಗ್ಗ. ನಿಮ್ಮಲ್ಲಿ ಸಾಫ್ಟ್‌ವೇರ್ ಕೆಲಸದವರು ಬಹಳ ಮಂದಿ ಇದ್ದೀರಿ, ಇದಕ್ಕೆ ಅಡ್ಡ ಬರುವುದು ಏನು ಅಂತ ನೀವೇ ಹೇಳಬೇಕು.